ಡಬ್ಬಿಯ ಮೇಲಿನ ಬಿಳಿ ಪಟ್ಟಿ

ಹೊಸನಗರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಸರ್ಕಾರಿ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು, ನಿವೃತ್ತಿಯಾದ ಮೇಲೂ ಕಾಂಪೌಂಡರ್ರೇ. ಮನೆಯಲ್ಲಿ ಹೆಂಡತಿ ಕೂಡ, "ಕಾಂಪೌಂಡ್ರು ಸ್ನಾನಕ್ಕೆ ಹೋಗಿದ್ದಾರೆ, ಕೂತ್ಕೊಳ್ಳಿ" ಅನ್ನುತ್ತಿದ್ದರು. ಹಾಗಾಗಿ ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ಹೋದ ತಿಂಗಳು ಅವರು ತೀರಿಕೊಂಡರು. ನಾಲ್ಕು ವರ್ಷದ ಹಿಂದಿನವರೆಗೆ, ಆರು ವರ್ಷ ನನ್ನ ಔಷಧಿ ಅಂಗಡಿಯಲ್ಲಿ, ನನ್ನ ಪಕ್ಕದಲ್ಲೇ, ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಸ್ಟೂಲಿನ ಮೇಲೆ ಕೂತು ಕೆಲಸ ಮಾಡಿದ್ದರು.

ನನ್ನದು ದನ, ನಾಯಿ, ಕೋಳಿಗಳ ಔಷಧಿ ಅಂಗಡಿ. ನಮ್ಮಪ್ಪ ಹಾಕಿದ್ದು. ನಾನು ಕಲಿತದ್ದು ಬಿ.ಕಾಂ., ಔಷಧಿ ಕಲಿತದ್ದು ಡಬ್ಬಿಯ ಮೇಲಿನ ಚಿತ್ರ ನೋಡಿ. ಎಮ್ಮೆಯ ಚಿತ್ರ ಇದ್ದರೆ ಎಮ್ಮೆಗೆ, ನಾಯಿಯ ಚಿತ್ರ ಇದ್ದರೆ ನಾಯಿಗೆ. ಕಾಂಪೌಂಡರ್ ನಿವೃತ್ತರಾಗಿ ಮನೆಯಲ್ಲಿ ಕೂತು ಬೇಜಾರಾಗಿ, "ನಿನ್ನ ಅಂಗಡೀಲಿ ಬೆಳಗ್ಗೆ ಹೊತ್ತು ಕೂತಿರ್ತೀನಿ ಮಾರಾಯ, ಏನಾದ್ರೂ ಕೊಡು, ಕೊಡದಿದ್ರೂ ಅಡ್ಡಿಲ್ಲ" ಅಂದಾಗ ನಾನು ಒಳಗೊಳಗೇ ಕುಣಿದಾಡಿದೆ. ಊರಿನವರಿಗೆಲ್ಲ ಬೇಕಾದ ಮನುಷ್ಯ. ಅವರು ಕೂತರೆ ವ್ಯಾಪಾರ ತಾನಾಗಿ ಕೂಡುತ್ತದೆ ಅಂತ ಲೆಕ್ಕ ಹಾಕಿದ್ದೆ. ವ್ಯಾಪಾರ ಕೂಡಿತು ನಿಜ. ಆದರೆ ಅವರು ಬಂದ ವಾರದಲ್ಲೇ ನನಗೆ ತಲೆನೋವೂ ಶುರುವಾಯಿತು.

ಅವರಿಗೆ ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ಓದುವ ಚಟ. ನಾವೆಲ್ಲ ಮುಂದಿನ ಭಾಗ ನೋಡಿದರೆ ಅವರು ಮೊದಲು ಹಿಂದಿನ ಭಾಗ ತಿರುಗಿಸುತ್ತಿದ್ದರು. ಕನ್ನಡಕ ಹಣೆಗೆ ಏರಿಸಿ, ಡಬ್ಬಿಯನ್ನು ಮೂಗಿನ ಹತ್ತಿರ ತಂದು, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಗಿರಾಕಿ ನಿಂತಿದ್ದರೂ ಅವಸರವಿಲ್ಲ. ಅದರಲ್ಲೂ ನಾಯಿಗಳ ಕೀಲುನೋವಿಗೆ ಅಂತ ಬರುವ ಪುಡಿ, ಮಾತ್ರೆಗಳ ಮೇಲೆ ಅವರಿಗೆ ವಿಶೇಷ ಕಣ್ಣು.

ಒಂದು ದಿನ ಅಂಥ ಡಬ್ಬಿಯೊಂದನ್ನು ನನ್ನ ಮುಂದೆ ಇಟ್ಟು ಕೇಳಿದರು.

"ಇದರ ಮುಂದ್ಗಡೆ ಎಷ್ಟು ಅಂತ ಬರ್ದಿದೆ?"

"ಏಳ್ನೂರೈವತ್ತು ಮಿಲಿಗ್ರಾಂ."

"ಏನು ಏಳ್ನೂರೈವತ್ತು?"

"ಅದೇ, ಕೀಲಿಗೆ ಹಾಕೋ ಗ್ಲುಕೋಸಮಿನ್."

"ಎಲ್ಲಿ ಬರ್ದಿದೆ ಹಾಗಂತ? ಹಿಂದೆ ನೋಡು. ಐದು ಸಾಮಾನು ಸೇರಿ ಏಳ್ನೂರೈವತ್ತು. ಅದ್ರಲ್ಲಿ ಯಾವ್ದು ಎಷ್ಟು ಅಂತ ಹೇಳಿಲ್ಲ. ಅದೂ ಒಂದು ಮಾತ್ರೇಲಿ ಅಲ್ಲ, ಮೂರು ಮಾತ್ರೆ ಸೇರಿದ್ರೆ. ಗೋಡಂಬಿ ಚಿತ್ರ ಹಾಕಿ ಬರೀ ಅವಲಕ್ಕಿ ಚೂಡಾ ಕೊಟ್ಟ ಹಾಗಾಯ್ತಲ್ಲ ಇದು."

"ಎಲ್ಲ ಕಂಪನೀದೂ ಹಾಗೇ ಇರುತ್ತೆ ಕಾಂಪೌಂಡ್ರೇ."

"ಎಲ್ಲಾದೂ ಹಾಗಿಲ್ಲ. ಆ ನೀಲಿ ಡಬ್ಬೀಲಿ ಸರಿಯಾಗಿ ಬರ್ದಿದ್ದಾರೆ. ಬರ್ದಷ್ಟು ಒಳಗಿದೆಯಾ ಅನ್ನೋದು ಮಾತ್ರ ನಂಗೆ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ."

ಈ "ಗೊತ್ತಿಲ್ಲ" ಅನ್ನುವುದನ್ನು ಅವರು ಎಷ್ಟು ಸಲೀಸಾಗಿ ಹೇಳುತ್ತಿದ್ದರು ಅಂದರೆ ನನಗೆ ಮೈ ಉರಿಯುತ್ತಿತ್ತು. ಅಂಗಡಿಯಲ್ಲಿ ಕೂತವನು ಗೊತ್ತಿಲ್ಲ ಅನ್ನಬಹುದೇ? ಅವರು ಅನ್ನುವುದಷ್ಟೇ ಅಲ್ಲ, ಬರೆದೂ ಅಂಟಿಸುತ್ತಿದ್ದರು. ಗಾಯಕ್ಕೆ ಬಟ್ಟೆ ಕಟ್ಟಿ ಮೇಲೆ ಅಂಟಿಸುವ ಬಿಳಿ ಪ್ಲಾಸ್ಟರ್ ಇದೆಯಲ್ಲ, ಅದರಲ್ಲಿ ಬೆರಳುದ್ದ ಕತ್ತರಿಸಿ, ಡಬ್ಬಿಯ ಮುಚ್ಚಳದ ಕೆಳಗೆ ಅಂಟಿಸಿ, ಬಲಕ್ಕೆ ವಾಲಿದ ದುಂಡು ಕನ್ನಡ ಅಕ್ಷರದಲ್ಲಿ ಬರೆಯುವುದು. "ಕೀಲಿಗೆ. ಬೆಳಿಗ್ಗೆ ಒಂದು. ಎರಡು ತಿಂಗಳಾದರೂ ಕೊಡಬೇಕು. ಉಪಯೋಗ ಆಗಬಹುದು, ಖಾತ್ರಿ ಇಲ್ಲ." ಆಸ್ಪತ್ರೆಯಲ್ಲಿ ಸೀಸೆಗಳಿಗೆ ಔಷಧಿ ತುಂಬಿ ಪಟ್ಟಿ ಅಂಟಿಸುತ್ತಿದ್ದ ಕೈ ಅದು. ಇಂಗ್ಲಿಷ್ ಬಾರದ ಜನಕ್ಕೆ ಓದಲು ಆಗಲಿ ಅಂತ ಶುರು ಮಾಡಿದ್ದು.

ಖಾತ್ರಿ ಇಲ್ಲ ಅಂತ ಬರೆದರೆ ಯಾರಾದರೂ ಕೊಳ್ಳುತ್ತಾರಾ ಅಂತ ನಾನು ಜಗಳ ತೆಗೆದೆ. ಆದದ್ದು ತಿರುಗಾಮುರುಗಾ. ಜನ ಆ ಪಟ್ಟಿ ಇದ್ದ ಡಬ್ಬಿಯನ್ನೇ ಕೇಳತೊಡಗಿದರು. ಪಟ್ಟಿ ಇಲ್ಲದ್ದನ್ನು ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ, "ಕಾಂಪೌಂಡ್ರು ನೋಡಿಲ್ವಾ ಇದನ್ನ?" ಅನ್ನುತ್ತಿದ್ದರು. ಅವರು ಬರೆದದ್ದು ಏನು ಅಂತ ಓದದವರೂ ಇದ್ದರು. ಪಟ್ಟಿ ಇದೆಯೋ ಇಲ್ಲವೋ, ಅಷ್ಟೇ ಬೇಕು. ಬರಬರುತ್ತ ನಮ್ಮ ಕಡೆ ಅದು ಮುದ್ರೆ ಒತ್ತಿದ ಹಾಗೆ ಆಯಿತು. ಇದು ಕಾಂಪೌಂಡರಿಗೂ ಇಷ್ಟವಿರಲಿಲ್ಲ. "ಓದ್ಲಿ ಅಂತ ಬರ್ದ್ರೆ ಇವ್ರು ನೋಡಿ ಕೈ ಮುಗೀತಾರಲ್ಲ" ಅಂತ ಗೊಣಗುತ್ತಿದ್ದರು.

ನಾಯಿ ತೂಗುವುದು ಅವರ ಇನ್ನೊಂದು ಕೆಲಸ. ಕೀಲಿನ ಮಾತ್ರೆಯನ್ನು ನಾಯಿಯ ತೂಕ ನೋಡಿ ಕೊಡಬೇಕು. ನಮ್ಮ ಕಡೆ ನಾಯಿ ತೂಗಿದವರು ಯಾರು? ನಮ್ಮ ಅಂಗಡಿಯ ಎದುರಿಗೇ ನ್ಯಾಯಬೆಲೆ ಅಂಗಡಿ. ಅಲ್ಲಿಯ ಅಕ್ಕಿ ತೂಗುವ ತಕ್ಕಡಿ ಮೇಲೆ ನಾಯಿ ನಿಲ್ಲಿಸಲು ಹೋದರೆ ಅದು ಎರಡು ಕಾಲು ಒಳಗೆ, ಎರಡು ಹೊರಗೆ. ಕೊನೆಗೆ ಇವರೇ ಉಪಾಯ ಹುಡುಕಿದರು. ನಾಯಿಯನ್ನು ಎತ್ತಿಕೊಂಡು ಯಜಮಾನರು ನಿಲ್ಲುವುದು, ಆಮೇಲೆ ಯಜಮಾನರು ಒಬ್ಬರೇ ನಿಲ್ಲುವುದು, ಕಳೆಯುವುದು. ಹೆಂಗಸರು ಒಪ್ಪುತ್ತಿರಲಿಲ್ಲ. ರೇಷನ್ನಿಗೆ ಕ್ಯೂ ನಿಂತವರ ಎದುರು ತಮ್ಮ ತೂಕ ಬಯಲಾಗುತ್ತದಲ್ಲ! ಅಂಥವರಿಗೆ ಕಾಂಪೌಂಡರ್ ತಾವೇ ನಾಯಿ ಎತ್ತಿಕೊಂಡು ನಿಲ್ಲುತ್ತಿದ್ದರು. ಕಚ್ಚಿಸಿಕೊಂಡದ್ದು ಎರಡು ಸಲ. ರೇಷನ್ ಅಂಗಡಿಯವನು ಒಮ್ಮೆ ರೇಗಿ, "ಅಕ್ಕಿ ಮೇಲೆ ನಾಯಿ ಕೂದ್ಲು ಬಿದ್ರೆ ನೀವೇ ಉಣ್ಣಿ" ಅಂದ. "ಕೂದ್ಲು ಆರಿಸಿ ತೆಗೀಬಹುದು, ಕಲ್ಲು ಆರಿಸೋದು ಕಷ್ಟ. ಮೊದ್ಲು ಅದು ನೋಡು" ಅಂದರು ಇವರು. ಕ್ಯೂನಲ್ಲಿದ್ದವರೆಲ್ಲ ನಕ್ಕರು.

ಹೀಗೆ ನಗಿಸುತ್ತಿದ್ದ ಮನುಷ್ಯ ಒಂದು ವಿಷಯಕ್ಕೆ ಮಾತ್ರ ಮುಖ ಗಂಟಿಕ್ಕುತ್ತಿದ್ದರು. ಕೀಲಿನ ಮಾತ್ರೆಯಿಂದ ನಾಯಿ ಬೇಗ ಗುಣವಾಯಿತು ಅಂದರೆ ಅವರಿಗೆ ಖುಷಿ ಆಗುತ್ತಿರಲಿಲ್ಲ. "ಎಷ್ಟು ದಿನಕ್ಕೆ?" ಅಂತ ಕೇಳುತ್ತಿದ್ದರು. ತಿಂಗಳು, ಒಂದೂವರೆ ತಿಂಗಳು ಅಂದರೆ ತಲೆ ಆಡಿಸುತ್ತಿದ್ದರು. ನಾಲ್ಕು ದಿನಕ್ಕೆ ಅಂದರೆ, "ಹಾಗಾದ್ರೆ ಅದ್ರಲ್ಲಿ ಬರ್ದಿದ್ದು ಬಿಟ್ಟು ಬೇರೆ ಏನೋ ಇದೆ. ನಿಲ್ಸಿ" ಅನ್ನುತ್ತಿದ್ದರು. ನೋವಿನ ಮಾತ್ರೆಯ ಪುಡಿ ಬೆರೆಸಿದರೆ ಹಾಗೆ ಆಗುತ್ತದಂತೆ. ಮನುಷ್ಯರು ನುಂಗುವ ನೋವಿನ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಎಬ್ಬಿಸಿ ರಕ್ತ ಕಾರಿಸುವುದನ್ನು ಅವರು ಆಸ್ಪತ್ರೆಯಲ್ಲಿ ಕಂಡಿದ್ದರು.

ಸಾಗರದ ಕಡೆಯಿಂದ ಬರುತ್ತಿದ್ದ ಏಜೆಂಟ್ ಒಬ್ಬ ಹೊಸ ಮಾತ್ರೆಯ ಡಬ್ಬಿಗಳನ್ನು ತಂದ. ಮೇಲೆ ಹಾರುತ್ತಿರುವ ನಾಯಿಯ ಚಿತ್ರ, ಹೊಂಬಣ್ಣದ ಮುಚ್ಚಳ. ಕಾಂಪೌಂಡರ್ ಡಬ್ಬಿ ಒಡೆದು ಮಾತ್ರೆಯನ್ನು ಮುರಿದು ಮೂಸಿದರು. ಆಮೇಲೆ ನಾಲಗೆಯ ತುದಿಗೆ ಮುಟ್ಟಿಸಿ, ಹೊರಗೆ ಹೋಗಿ ಉಗಿದು ಬಂದರು.

"ಇದು ಯಾಕೆ ಇಷ್ಟು ಕಹಿ?"

"ಸರ್, ಫಾರ್ಮುಲಾ ಹೊಸದು," ಅಂದ ಏಜೆಂಟ್.

"ಈ ಬ್ಯಾಚಿನದ್ದು ಲ್ಯಾಬ್ ರಿಪೋರ್ಟ್ ತರ್ಸಿ ಕೊಡಿ."

"ಇದು ಮೆಡಿಸಿನ್ ಅಲ್ಲ ಸರ್, ಸಪ್ಲಿಮೆಂಟು. ರಿಪೋರ್ಟ್ ಯಾರೂ ಕೇಳಲ್ಲ."

"ಯಾರೂ ಕೇಳಲ್ಲ ಅಂತ್ಲೇ ನಾನು ಕೇಳ್ತಿರೋದು."

ಮುಂದಿನ ಸಲ ಏಜೆಂಟ್ ರಿಪೋರ್ಟಿನ ಬದಲು ಒಂದು ದೊಡ್ಡ ಕ್ಯಾಲೆಂಡರ್ ತಂದುಕೊಟ್ಟ. ನಾನು ಅದನ್ನು ಗೋಡೆಗೆ ತೂಗುಹಾಕಿದೆ. ಕಾಂಪೌಂಡರ್ ಆ ಡಬ್ಬಿಗಳಿಗೆ ಪಟ್ಟಿ ಅಂಟಿಸಲಿಲ್ಲ. "ಇದಕ್ಕೆ ಏನಂತ ಬರೀಲಿ? ನಾಲಗೆ ಲ್ಯಾಬ್ ಅಲ್ಲ, ನಂಗೆ ಅನುಮಾನ ಅಷ್ಟೇ. ರಿಪೋರ್ಟ್ ಬರೋವರೆಗೆ ಕೊಡೋದು ಬೇಡ" ಅಂದರು. ಡಬ್ಬಿಗಳು ಮೇಲಿನ ಕಪಾಟಿನಲ್ಲಿ ಕೂತವು. ನನಗೆ ಅವನ್ನು ಕಂಡಾಗೆಲ್ಲ ಸಿಟ್ಟು ಬರುತ್ತಿತ್ತು. ದುಡ್ಡಿನ ಸಿಟ್ಟಲ್ಲ, ಅಷ್ಟೇನೂ ದೊಡ್ಡ ಮೊತ್ತವಲ್ಲ ಅದು. ಅಂಗಡಿ ನನ್ನದು, ಬೋರ್ಡಿನಲ್ಲಿ ಇರುವುದು ನಮ್ಮಪ್ಪನ ಹೆಸರು, ಆದರೆ ಬಂದವರೆಲ್ಲ ನನ್ನ ತಲೆಯ ಮೇಲಿಂದ ಆ ಸ್ಟೂಲಿನ ಕಡೆ ನೋಡುತ್ತಿದ್ದರು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆ ಮುದುಕರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು.

ಅವರ ಮಗಳ ಮನೆಯ ಗೃಹಪ್ರವೇಶ ತೀರ್ಥಹಳ್ಳಿಯಲ್ಲಿ. ಮೂರು ದಿನ ಬರುವುದಿಲ್ಲ ಅಂತ ಹೇಳಿ ಹೋಗಿದ್ದರು. ಎರಡನೇ ದಿನ, ನಗರ ಅನ್ನುವ ನಮ್ಮ ತಾಲ್ಲೂಕಿನದೇ ಹಳ್ಳಿಯ ಕಡೆಯಿಂದ ಒಬ್ಬ ಹೆಂಗಸು ಬಂದರು. ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರನ್ನು ನೋಡಲು ದಿನವೂ ಕಾಡುದಾರಿಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಮೈಲಿಗಟ್ಟಲೆ ನಡೆಯುವವರು. ಅವರ ಹಿಂದೆ ಮುಂದೆ ಯಾವಾಗಲೂ ಒಂದು ಕೆಂಪು ನಾಯಿ, ಕೆಂಚ. ಒಂಬತ್ತು ವರ್ಷದ್ದು. ಹಿಂಗಾಲಿನ ಸಂದು ಹಿಡಿದುಕೊಂಡು ಅದಕ್ಕೆ ಏಳಲು ಆಗುತ್ತಿರಲಿಲ್ಲ. "ಅವ್ನಿಲ್ದೆ ಆ ದಾರೀಲಿ ಹೋಗೋಕೆ ನಂಗೆ ಧೈರ್ಯ ಸಾಕಾಗಲ್ಲ ಅಣ್ಣಾ. ಕಾಂಪೌಂಡ್ರು ಕೀಲಿನ ಮಾತ್ರೆ ಕೊಡ್ತಾರೆ ಅಂದ್ರು" ಅಂತ ಬಂದಿದ್ದರು. ನೀಲಿ ಡಬ್ಬಿ ಮುಗಿದಿತ್ತು. ನಾನು ಮೇಲಿನ ಕಪಾಟಿನಿಂದ ಹೊಂಬಣ್ಣದ ಮುಚ್ಚಳದ್ದನ್ನು ಇಳಿಸಿದೆ.

ಅವರು ಅದನ್ನು ಸುತ್ತ ತಿರುಗಿಸಿ ನೋಡಿದರು. "ಪಟ್ಟಿ ಇಲ್ವಲ್ಲ ಇದ್ರ ಮೇಲೆ?"

"ನಾನು ಹೇಳ್ತಿದ್ದೀನಲ್ಲ ಅಕ್ಕಾ, ಒಳ್ಳೆ ಮಾತ್ರೆ."

"ಕಾಂಪೌಂಡ್ರು ಯಾವತ್ತು ಬರ್ತಾರೆ? ನಾಡಿದ್ದು ಮತ್ತೆ ಬರ್ತೀನಿ ಬಿಡಿ."

ಅಷ್ಟೇ ಮಾತು. ಆಗ ನನ್ನ ತಲೆಗೆ ಏನು ಹೊಕ್ಕಿತೋ! "ಪಟ್ಟಿ ಬರ್ದಿದ್ದು ಒಳಗಿದೆ, ಇರಿ" ಅಂದೆ. ಒಳಕೋಣೆಗೆ ಹೋಗಿ, ಕಾಂಪೌಂಡರ ಪ್ಲಾಸ್ಟರಿನ ಸುರುಳಿಯಿಂದ ಬೆರಳುದ್ದ ಕತ್ತರಿಸಿ, ಇನ್ನೊಂದು ಡಬ್ಬಿಯ ಮೇಲೆ ಅಂಟಿಸಿ, ಅಕ್ಷರಗಳನ್ನು ಬಲಕ್ಕೆ ವಾಲಿಸಿ ಬರೆದೆ. "ಕೀಲಿಗೆ ಒಳ್ಳೆಯದು. ದಿನಕ್ಕೆ ಎರಡು." ಖಾತ್ರಿ ಇಲ್ಲ ಅನ್ನುವುದನ್ನು ಬರೆಯಲಿಲ್ಲ. ಹೊರಗೆ ತಂದುಕೊಟ್ಟಾಗ ಆ ಹೆಂಗಸಿನ ಮುಖ ಅರಳಿತು. ಬಸ್ಸಿನವನು ಹಾರನ್ ಹೊಡೆಯುತ್ತಿದ್ದ, ಓಡಿಹೋಗಿ ಹತ್ತಿದರು. ನನಗೆ ಗೆದ್ದ ಹಾಗೆ ಅನಿಸಿತ್ತು.

ವಾರ ಕಳೆಯುವುದರೊಳಗೆ ಅಂಗಡಿಗೆ ಆ ಹೆಂಗಸಿನ ಫೋನು ಬಂತು. "ಅಣ್ಣಾ, ಮೂರೇ ದಿನಕ್ಕೆ ಎದ್ದ ಕೆಂಚ! ನಿನ್ನೆ ಮೊಲದ ಹಿಂದೆ ಓಡ್ದ! ಕಾಂಪೌಂಡ್ರಿಗೆ ಹೇಳಿ." ಕಾಂಪೌಂಡರ್ ನನ್ನಿಂದ ನಾಲ್ಕು ಮೊಳ ದೂರದಲ್ಲಿ ಕೂತು ಸಿರಿಂಜು ಎಣಿಸುತ್ತಿದ್ದರು. ಮೂರು ದಿನ ಅಂದರೆ ಅವರು ಏನು ಹೇಳುತ್ತಾರೆ ಅಂತ ನನಗೆ ಬಾಯಿಪಾಠವಾಗಿತ್ತು. "ಯಾರದ್ದು ಮಾರಾಯ ಫೋನು?" ಅಂತ ಕೇಳಿದರು. "ಯಾರೋ ಕೋಳಿ ಔಷಧಿ ಇದೆಯಾ ಅಂತ ಕೇಳಿದ್ರು" ಅಂದೆ. ಪಟ್ಟಿ ಬರೆದದ್ದನ್ನು ಆ ಹೊತ್ತಿನ ಹುಚ್ಚು ಅಂತ ಹೇಳಿಕೊಳ್ಳಬಹುದು. ಆದರೆ ಈ ಸುಳ್ಳನ್ನು ನಾನು ತಿಳಿದೂ ತಿಳಿದೂ ಹೇಳಿದೆ. ಆಗ ಒಂದು ಮಾತು ಹೇಳಿದ್ದರೆ ನಾಯಿ ಉಳಿಯುತ್ತಿತ್ತೇನೋ.

ಇನ್ನೊಂದು ಹದಿನೈದು ದಿನಕ್ಕೆ ಆ ಹೆಂಗಸು ಬಂದರು. ಸಂತೆಯ ದಿನ, ಅಂಗಡಿಯಲ್ಲಿ ಐದಾರು ಜನ. ಡಬ್ಬಿಯನ್ನು ಕಾಂಪೌಂಡರ ಎದುರು ಕುಕ್ಕಿದರು.

"ಕೆಂಚ ಹೋದ. ನೀವು ಬರ್ದಿದ್ದು ನೋಡಿ ಕೊಟ್ಟೆ ನಾನು. ನಿಮ್ಮನ್ನ ನಂಬಿ ಕೊಟ್ಟೆ."

ಕಾಂಪೌಂಡರ್ ಡಬ್ಬಿ ತೆಗೆದುಕೊಂಡರು. ಕನ್ನಡಕ ಹಣೆಗೆ ಏರಿಸಿದರು. ಪಟ್ಟಿಯನ್ನು ಓದಿದರು, ಮತ್ತೊಂದು ಸಲ ಓದಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಬಗ್ಗಿ ಕೆಳಗಿನ ಕಪಾಟಿನಲ್ಲಿ ಏನೋ ಹುಡುಕತೊಡಗಿದೆ. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ.

"ಊಟ ಬಿಟ್ಟಿತ್ತಾ?" ಅಂತ ಅವರು ಕೇಳುವುದು ಕೇಳಿಸಿತು.

"ಬಿಟ್ಟಿತ್ತು."

"ವಾಂತಿ?"

"ರಕ್ತ. ಹೊರಗೆ ಹೋದ್ರೂ ಕಪ್ಪಗೆ, ಟಾರ್ ಇದ್ದ ಹಾಗೆ. ಡಾಕ್ಟ್ರು ನೋವಿನ ಮಾತ್ರೆ ಕೊಟ್ರಾ ಅಂತ ಕೇಳಿದ್ರು. ಇಲ್ಲ, ಕಾಂಪೌಂಡ್ರ ಮಾತ್ರೆ ಬಿಟ್ಟು ಏನೂ ಕೊಟ್ಟಿಲ್ಲ ಅಂದೆ."

ನಾನು ಎದ್ದು ನಿಂತು ಹೇಳಬೇಕಾಗಿತ್ತು. ಕಾಂಪೌಂಡರ್ ಅದಕ್ಕೇ ಕಾಯುತ್ತಿದ್ದರು ಅಂತ ನನಗೆ ಬಗ್ಗಿದಲ್ಲಿಂದಲೇ ಗೊತ್ತಾಗುತ್ತಿತ್ತು. ಕೊನೆಗೆ ಅವರು ಆ ಹೆಂಗಸಿಗೆ ಎರಡೂ ಕೈ ಮುಗಿದರು. ಆಕೆ ಅಳುತ್ತ ಹೋದರು. ಸಂತೆಗೆ ಬಂದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ಕಾಂಪೌಂಡರ್ ತಮ್ಮ ಪೆನ್ನು, ಕತ್ತರಿ, ಪ್ಲಾಸ್ಟರಿನ ಸುರುಳಿಯನ್ನು ಚೀಲಕ್ಕೆ ಹಾಕಿಕೊಂಡರು. ನನಗೆ ಆಗ ಬಾಯಿ ಬಂತು. "ಕಾಂಪೌಂಡ್ರೇ, ಅದು ನಾನು..." ಅಂದೆ.

"ನಂಗೆ ಹೇಳ್ಬೇಡ ಮಾರಾಯ. ನಂಗೆ ಗೊತ್ತಾಯ್ತು. ಗೊತ್ತಿಲ್ಲದೋರು ಬಸ್ ಹತ್ತಿ ಹೋದ್ರು."

ಮಾರನೇ ದಿನದಿಂದ ಬರಲಿಲ್ಲ. ಆ ಮಾತ್ರೆಯನ್ನು ಯಾರೂ ಪರೀಕ್ಷೆ ಮಾಡಿಸಲಿಲ್ಲ, ಕೆಂಚ ಅದರಿಂದಲೇ ಹೋಯಿತು ಅನ್ನುವುದಕ್ಕೆ ಇವತ್ತಿಗೂ ನನ್ನ ಹತ್ತಿರ ಪುರಾವೆ ಇಲ್ಲ. ಉಳಿದ ಡಬ್ಬಿಗಳನ್ನು ಏಜೆಂಟಿಗೆ ವಾಪಸ್ ಕೊಟ್ಟೆ, ಕ್ಯಾಲೆಂಡರನ್ನೂ ಹರಿದು ಹಾಕಿದೆ. ಅದನ್ನೇ ದೊಡ್ಡ ಪ್ರಾಯಶ್ಚಿತ್ತ ಅಂತ ಕೆಲವು ದಿನ ತಿಳಿದುಕೊಂಡಿದ್ದೆ. ನಗರಕ್ಕೆ ಹೋಗಿ ಹೇಳಿಬರಬೇಕು ಅಂತ ಅಂದುಕೊಂಡದ್ದು ಲೆಕ್ಕವಿಲ್ಲ. ಒಮ್ಮೆ ಬಸ್ಸು ಹತ್ತಿ ಕೂತು, ಬಸ್ಸು ಹೊರಡುವ ಮುಂಚೆ ಇಳಿದು ಬಂದಿದ್ದೇನೆ. ಹೇಳಿದರೆ ಅಂಗಡಿಗೆ ಯಾರು ಬರುತ್ತಾರೆ ಅನ್ನುವ ಭಯ. ಅಷ್ಟರಲ್ಲಿ ಊರಿಗೆಲ್ಲ ಬೇರೆ ಮಾತು ಹಬ್ಬಿತ್ತು. ಕಾಂಪೌಂಡರಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು, ಯಾವುದಕ್ಕೋ ಯಾವುದೋ ಬರೆದುಕೊಟ್ಟು ನಾಯಿ ಸಾಯಿಸಿದರು ಅಂತ. ರೇಷನ್ ಅಂಗಡಿಯವನು ನನ್ನೆದುರೇ ಹಾಗೆ ಹೇಳಿದ. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಆಮೇಲೆ ನಾಲ್ಕು ವರ್ಷ ಇದ್ದರು ಅವರು. ಯಾರೂ ಅವರ ಹತ್ತಿರ ನಾಯಿ ಹಿಡಿದುಕೊಂಡು ಹೋಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರೆ, "ಹೇಗಿದೆ ಅಂಗಡಿ? ಅಮ್ಮ ಹುಷಾರಾ?" ಅಂತ ಮೊದಲಿನ ಹಾಗೇ ಕೇಳುತ್ತಿದ್ದರು. ನನ್ನ ಮುಖವನ್ನೇ ನೋಡುತ್ತ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅವರ ಹದಿಮೂರನೇ ದಿನದ ಊಟಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಪಾಯಸಕ್ಕೆ ಕೈ ಹಾಕುತ್ತ, "ದೇವರಂಥ ಮನುಷ್ಯ. ಕಡೆಗಾಲದಲ್ಲಿ ಆ ನಾಯಿ ಮಾತ್ರೆದೊಂದು ಎಡವಟ್ಟು ಮಾಡ್ಕೊಂಡ್ರು ನೋಡಿ" ಅಂದರು. ಬಡಿಸುತ್ತಿದ್ದ ಅವರ ಮಗಳಿಗೆ ಅದು ಕೇಳಿಸಿತು. ಸೌಟು ಹಿಡಿದ ಕೈ ನಿಂತಿತು, ಆಮೇಲೆ ಮುಂದಿನ ಎಲೆಗೆ ಹೋಯಿತು.

ಮಾರನೇ ದಿನ ಬೆಳಿಗ್ಗೆ ನಗರದ ಬಸ್ಸು ಹತ್ತಿದೆ. ಈ ಸಲ ಇಳಿಯಲಿಲ್ಲ. ಆ ಹೆಂಗಸು ಕೆಲಸಕ್ಕೆ ಹೊರಟು ಅಂಗಳದಲ್ಲಿ ನಿಂತಿದ್ದರು, ಹೆಗಲಿಗೆ ಚೀಲ, ಕೈಯಲ್ಲಿ ಒಂದು ಕೋಲು. ನಾನು ಕೂರಲೂ ಇಲ್ಲ. ನಿಂತೇ ಹೇಳಿದೆ. ಪಟ್ಟಿ ಬರೆದವನು ನಾನು, ಕಾಂಪೌಂಡರ್ ಅವತ್ತು ಊರಲ್ಲೇ ಇರಲಿಲ್ಲ, ನಿಮ್ಮ ಫೋನು ಬಂದದ್ದನ್ನು ಅವರಿಗೆ ಮುಚ್ಚಿಟ್ಟವನೂ ನಾನೇ.

"ಗೊತ್ತು" ಅಂದರು ಆಕೆ.

"ಹೇಗೆ?" ಅಂದೆ.

"ಕೆಂಚ ಹೋಗಿ ಒಂದು ತಿಂಗ್ಳಿಗೆ ಕಾಂಪೌಂಡ್ರು ಬಂದಿದ್ರು ಇಲ್ಲಿಗೆ. ಆ ಅಕ್ಷರ ನಂದಲ್ಲ ಅಂದ್ರು. ಯಾರದ್ದು ಅಂತ ಕೇಳ್ದೆ. ಬರ್ದವ್ನೇ ಬಂದು ಹೇಳ್ತಾನೆ, ಅಲ್ಲೀವರೆಗೆ ನೀವು ಯಾರ ಹತ್ರಾನೂ ಹೇಳ್ಬೇಡಿ, ಹೇಳಿದ್ರೆ ಅವ್ನಿಗೆ ಬಂದು ಹೇಳೋಕೆ ದಾರಿ ಇರಲ್ಲ ಅಂದ್ರು. ನೀವೇ ಅಂತ ನಂಗೆ ಆಗ್ಲೇ ಅಂದಾಜಾಯ್ತು."

ಕೋಲನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡರು.

"ಆಮೇಲೆ ಸಂತೇಲಿ ಸಿಕ್ಕಿದಾಗೆಲ್ಲ ಕೇಳೋರು. 'ಬಂದಿದ್ನಾ?' ಅಂತ. ಇಲ್ಲ ಅಂತಿದ್ದೆ. 'ಬರ್ತಾನೆ, ಕೆಟ್ಟವನಲ್ಲ' ಅನ್ನೋರು. ನಾಲ್ಕು ವರ್ಷ ಕೇಳಿದ್ರು."

"ಕೊನೇ ಸಲ ಸಿಕ್ಕಿದ್ದು ಯಾವಾಗ ಅಕ್ಕಾ?"

"ಎರಡು ತಿಂಗ್ಳಾಯ್ತು. ಅವತ್ತು ಕೇಳ್ಲಿಲ್ಲ."